ಬೀರುವಿನಲ್ಲಿ ಬೀಗ ಹಾಕಿದ ಕಾಗದಗಳು

ಭದ್ರಾವತಿಯ ತಾಯಿಯೊಬ್ಬರು ದುರ್ಗಿಗುಡಿಯ ನಮ್ಮ ಮನೆಗೆ ಬಂದು ಕೇಳಿದರು: "ಮೇಡಂ, ಹೆರಿಗೆ ಆಪರೇಷನ್ನಿಗೆ ಹೋಗುವಾಗ ಮಗಳು ಚೆನ್ನಾಗಿದ್ದಳು. ಈಗ ಮಾತು ತೊದಲುತ್ತದೆ. ಯಾರನ್ನು ಕೇಳಲಿ?" ಅರಿವಳಿಕೆ ಯಂತ್ರದ ಆಮ್ಲಜನಕದ ಕೊಳವೆ ಕಳಚಿತ್ತಂತೆ. ಗಂಡ ಬಿಲ್ಲು ಮನ್ನಾ ಮಾಡಿಸಿಕೊಂಡು ಸುಮ್ಮನಾದ. ಆಮೇಲೆ ಹೆಂಡತಿಯನ್ನು ತವರಿಗೆ ಅಟ್ಟಿದ. ಕಾಗದಪತ್ರವೆಲ್ಲ ಅವನ ಬೀರುವಿನಲ್ಲಿ.

ಸಹೋದರಿಯರೇ, ನೊಂದವಳು ಅವಳು, ದೂರುವ ಹಕ್ಕೂ ಅವಳದೇ. ಹಣ ಪಡೆಯುವ ಆಸ್ಪತ್ರೆಗಳು ಗ್ರಾಹಕ ಕಾನೂನಿಗೆ ಒಳಪಡುತ್ತವೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಅಂಥಲ್ಲಿ ಕೆಲವರಿಗೆ ಉಚಿತವಾಗಿ ಮಾಡಿದರೂ ಅಷ್ಟೇ. ಅರಿವಳಿಕೆ ವೈದ್ಯರು ಹೊರಗಿನವರೆಂದು ಆಸ್ಪತ್ರೆ ಜಾರಿಕೊಳ್ಳುವಂತಿಲ್ಲ. 2019ರ ಕಾಯ್ದೆಯ ಪ್ರಕಾರ ಯಂತ್ರದಲ್ಲೇ ದೋಷವಿದ್ದರೆ ತಯಾರಕರನ್ನೂ ಎದುರುದಾರರನ್ನಾಗಿ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ವಕೀಲರಿಲ್ಲದೆಯೂ ಹೋಗಬಹುದು. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಎಲ್ಲರಿಗೂ ಉಚಿತವಾದ ಸರ್ಕಾರಿ ಆಸ್ಪತ್ರೆಗೆ ಈ ದಾರಿಯಿಲ್ಲ, ಸಿವಿಲ್ ಕೋರ್ಟೇ ಗತಿ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡು, ನರಕ್ಕೆ ಹಾಕಿದ ದ್ರಾವಣದ ಮೇಲೆ ಸಂಶಯ ಬಂತು. ಬಡವರು ಹೋಗುವ ಕಡೆಯೇ ಕಾನೂನು ತೆಳ್ಳಗಾಗುವುದು ನನಗಂತೂ ಅನ್ಯಾಯವೆಂದೇ ತೋರುತ್ತದೆ.

ದೂರಿಗೆ ಗಡುವು ಎರಡು ವರ್ಷ. ಗಂಡನ ಬೀರು ತೆರೆಯಲೆಂದು ಕಾಯಬೇಡಿ. ರೋಗಿಯೇ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ವೈದ್ಯರು ದಾಖಲೆಗಳನ್ನು ಕೊಡಬೇಕು. ಅರಿವಳಿಕೆಯ ಚಾರ್ಟನ್ನು ಹೆಸರಿಟ್ಟೇ ಕೇಳಿ; ನಾಡಿ, ರಕ್ತದೊತ್ತಡ, ಆಮ್ಲಜನಕ ಯಾವಾಗ ಇಳಿಯಿತೆಂಬುದು ಅದರಲ್ಲಿರಬೇಕು. ಅರ್ಜಿಗೆ ಸ್ವೀಕೃತಿ ಪಡೆಯಿರಿ.

ಕಳೆದ ಸೋಮವಾರ ಸಂಘದ ಇಬ್ಬರ ಜೊತೆ ಹೋಗಿ ಮಗಳೇ ಸಹಿ ಹಾಕಿ ಅರ್ಜಿ ಕೊಟ್ಟಳು. ಹದಿನಾಲ್ಕು ತಿಂಗಳು ಕಳೆದಿವೆ, ಉಳಿದಿರುವುದು ಹತ್ತು.