ಮಳೆಯ ಬಿಡುವನ್ನು ಓದುವವರು ಯಾರು?

2019ರ ಮೇ ತಿಂಗಳ ಮಧ್ಯದಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಭಕ್ತರಲ್ಲಿ ಒಂದು ವಿನಂತಿ ಮಾಡಿಕೊಂಡರು. ನೇತ್ರಾವತಿಯಲ್ಲಿ ನೀರು ತೀರ ಇಳಿದುಹೋಗಿರುವುದರಿಂದ ಯಾತ್ರೆಯನ್ನು ಕೆಲವು ದಿನಗಳ ಮಟ್ಟಿಗೆ ಮುಂದೂಡಬೇಕು ಎಂಬುದೇ ಆ ವಿನಂತಿ. ಅದೇ ವರ್ಷದ ಆಗಸ್ಟ್ 9ರಂದು ಅದೇ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ ಮುಂತಾದ ಗ್ರಾಮಗಳಲ್ಲಿ ಘಟ್ಟದ ಮೈ ಕುಸಿಯಿತು. ಹಳ್ಳಹೊಳೆಗಳು ಬುಡಸಮೇತ ಕಿತ್ತುಬಂದ ಮರಗಳನ್ನೂ ಮರಳನ್ನೂ ಕೆಸರನ್ನೂ ಹೊತ್ತು ತಂದು ಅಡಿಕೆ ತೋಟಗಳ ಮೇಲೆ ಹರಡಿದವು. ಸೇತುವೆಗಳು ಹೋದವು, ಚಾರ್ಮಾಡಿ ಘಾಟಿಯ ಹೆದ್ದಾರಿ ಮುಚ್ಚಿತು. ಎರಡು ಘಟನೆಗಳ ನಡುವಿನ ಅಂತರ ಮೂರು ತಿಂಗಳೂ ಇಲ್ಲ. ವರ್ಷದ ಮಳೆಯ ಒಟ್ಟು ಲೆಕ್ಕದಲ್ಲಿ ಆ ಮೇ ತಿಂಗಳ ಬರ ಕಾಣುವುದೇ ಇಲ್ಲ. ಆಗಸ್ಟಿನ ಪ್ರವಾಹ ಅದನ್ನು ನುಂಗಿಹಾಕಿರುತ್ತದೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ ಎಂದು ಶಾಲೆಯ ಮಕ್ಕಳೂ ಬಲ್ಲರು. ಇಷ್ಟೊಂದು ಮಳೆ ಬೀಳುವ ನಾಡಿನವರು ಹವಾಮಾನದ ಬಗ್ಗೆ ದೂರುವುದೇಕೆ ಎಂದು ಬಯಲುಸೀಮೆಯವರು ಕೇಳುವುದುಂಟು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೃಷಿಕ ಎಂದೂ ಮಳೆಯ ಮೊತ್ತವನ್ನು ನಂಬಿ ಬದುಕಿದವನಲ್ಲ. ಅವನು ಬದುಕಿದ್ದು ಮಳೆಯ ಬಿಡುವುಗಳನ್ನು ನಂಬಿ. ಮುಂಗಾರಿಗೆ ಮುಂಚಿನ ಹತ್ತು ಹದಿನೈದು ದಿನಗಳು, ಆಟಿ ತಿಂಗಳ ನಡುವೆ ಆಕಾಶ ತಿಳಿಯಾಗುವ ಎರಡು ದಿನ, ದೀಪಾವಳಿಯ ನಂತರದ ಬಿಸಿಲು, ಹೊಳೆಗೆ ಕಟ್ಟ ಹಾಕುವ ಕಾಲ ಇವೆಲ್ಲವೂ ಅವನ ಪಾಲಿಗೆ ಮಳೆಯಷ್ಟೇ ಬೆಲೆಯುಳ್ಳ ಸಂಪತ್ತು. ಇಂದು ಹಾಳಾಗುತ್ತಿರುವುದು ಈ ಸಂಪತ್ತು. ಅದರ ಲೆಕ್ಕ ಮಾತ್ರ ಯಾವ ಕಡತದಲ್ಲೂ ಇಲ್ಲ.

ತುಳುನಾಡಿನ ಪಂಚಾಂಗವೇ ಇಂಥ ಬಿಡುವುಗಳ ಮೇಲೆ ನಿಂತಿದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ, ಪತ್ತನಾಜೆ. ಅಂದಿಗೆ ನೇಮ, ಕೋಲ, ಮೇಳಗಳ ತಿರುಗಾಟ ಮುಗಿಯಬೇಕು. ಯಕ್ಷಗಾನದವರು ಗೆಜ್ಜೆ ಬಿಚ್ಚಬೇಕು. ಆಮೇಲಿನ ದಿನಗಳು ಸೌದೆ ಒಳಗಿಡಲು, ತೋಟದ ಕಣಿ ಬಿಡಿಸಲು, ಗದ್ದೆಯ ಹುಣಿ ಸರಿಪಡಿಸಲು, ಅಡಿಕೆಗೆ ಮೊದಲ ಮದ್ದು ಬಿಡಲು ಮೀಸಲು. 2023ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಜೂನ್ 8ರಂದು. 2025ರಲ್ಲಿ ಅದು ಮೇ 24ರಂದೇ ಬಂದಿತು. ಪತ್ತನಾಜೆಗೂ ಮಳೆಗೂ ನಡುವೆ ಇರಬೇಕಾದ ಅವಕಾಶವೇ ಆ ವರ್ಷ ಇಲ್ಲವಾಯಿತು. ಎರಡೇ ವರ್ಷಗಳಲ್ಲಿ ಹದಿನೈದು ದಿನಗಳ ಹೊಯ್ದಾಟ. ಬೇಗ ಬಂದ ಮಳೆಗೆ ಪತ್ರಿಕೆಗಳಲ್ಲಿ ಸ್ವಾಗತದ ಶೀರ್ಷಿಕೆಗಳು ಬಂದವು. ಮೈಲುತುತ್ತು ತಂದಿಟ್ಟು ಕಾದಿದ್ದವರ ಅನುಭವ ಬೇರೆಯಾಗಿತ್ತು.

ಈ ಮದ್ದಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಡಿಕೆಗೆ ಬರುವ ಕೊಳೆರೋಗ, ಅಂದರೆ ಮಹಾಳಿ, ಫೈಟಾಫ್ತೋರಾ ಎಂಬ ಸೂಕ್ಷ್ಮಜೀವಿಯಿಂದ ಬರುವಂಥದ್ದು. ಇದರ ಬೀಜಾಣುಗಳು ಈಜುತ್ತವೆ. ಕಾಯಿಯ ಮೈಮೇಲೆ ತೆಳುವಾದ ನೀರಿನ ಪದರ ಉಳಿದಿದ್ದರೆ ಸಾಕು, ಅದರಲ್ಲಿ ಚಲಿಸಿ ಒಳಹೊಕ್ಕುತ್ತವೆ. ಮಳೆಹನಿಯ ಸಿಡಿತದಿಂದ, ಗಾಳಿಯಿಂದ ಮುಂದಿನ ಗೊನೆಗೆ, ಮುಂದಿನ ಮರಕ್ಕೆ ಹರಡುತ್ತವೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಪರಿಚಯಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷ ಕಳೆದರೂ ಮುಖ್ಯ ಮದ್ದು ಇದೇ. 1956ರಲ್ಲಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿಯೇ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು, ತಳಿಗಳು ಬಂದವು, ಯಂತ್ರಗಳು ಬಂದವು. ಆದರೆ ಮಳೆಗಾಲದ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಗಳ ನಂತರ ಇನ್ನೊಂದು ಸಲ, ಮಳೆ ಮುಂದುವರಿದರೆ ಮೂರನೆಯ ಸಲ ಎಂಬ ಕ್ರಮ ಬದಲಾಗಲಿಲ್ಲ.

ಮೊದಲ ಮದ್ದು ಹೇಗಾದರೂ ಆದೀತು. ಎರಡನೆಯದು ಬೀಳುವುದು ಜುಲೈ ಮಧ್ಯದಲ್ಲಿ, ಆಟಿಯ ಹೊಸ್ತಿಲಲ್ಲಿ. ಗೊನೆ ಆರಿರಬೇಕು. ಮರದ ಕಾಂಡ ಒಣಗಿರಬೇಕು. ಪಾಚಿಗಟ್ಟಿ ಜಾರುವ ಮರವನ್ನು ಏರು ಎಂದು ಯಾರಿಗೂ ಹೇಳುವಂತಿಲ್ಲ. ಮದ್ದು ಬಿಟ್ಟ ಮೇಲೆ ಅದು ಅಂಟಿಕೊಳ್ಳುವವರೆಗೆ ಕೆಲವು ಗಂಟೆ ಮಳೆ ಬರಕೂಡದು. ಇಷ್ಟೆಲ್ಲ ಒದಗುವ ದಿನ ಊರಿಗೆಲ್ಲ ಒಂದೇ ದಿನ ಬರುತ್ತದೆ. ಅಂದು ಎಲ್ಲ ತೋಟದವರಿಗೂ ಅದೇ ನಾಲ್ಕು ಜನ ಮರ ಏರುವವರು ಬೇಕು. ನೆಲದಿಂದಲೇ ಸಿಂಪಡಿಸುವ ಫೈಬರ್ ದೋಟಿ ಬಂದಿರುವುದು ದೊಡ್ಡ ನೆರವು, ಆದರೆ ದೋಟಿಗೂ ಬಿಡುವು ಬೇಕು. 2013ರಲ್ಲಿ ಮಳೆ ಎಡೆಬಿಡದೆ ಹಿಡಿದು ಜಿಲ್ಲೆಯಾದ್ಯಂತ ಕೊಳೆರೋಗ ವ್ಯಾಪಿಸಿದಾಗ ಕಾಯಿಗಳು ಮರದ ಬುಡದಲ್ಲಿ ರಾಶಿ ಬಿದ್ದವು. 2018ರಲ್ಲಿ ಮತ್ತೆ ಅದೇ ಆಯಿತು. ಒಂದೆರಡು ಎಕರೆಯ ಕುಟುಂಬಕ್ಕೆ ಹೀಗೆ ಬಿದ್ದುಹೋದ ಫಸಲೆಂದರೆ ಸಹಕಾರಿ ಸಂಘದ ಸಾಲ, ಮಕ್ಕಳ ಕಾಲೇಜಿನ ಶುಲ್ಕ, ಮುಂದಿನ ವರ್ಷದ ಗೊಬ್ಬರ.

ಹವಾಮಾನ ಇಲಾಖೆಯ ಲೆಕ್ಕಾಚಾರ ಇದನ್ನು ಹಿಡಿಯಲಾರದು. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ‘ಮಳೆಯ ದಿನ’. 64.5 ಮಿ.ಮೀ. ದಾಟಿದರೆ ಭಾರೀ ಮಳೆ, 204.5ನ್ನು ದಾಟಿದರೆ ಅತ್ಯಂತ ಭಾರೀ ಮಳೆ. ಎರಡು ಗಂಟೆಯಲ್ಲಿ 100 ಮಿ.ಮೀ. ಸುರಿದು ನಿಂತು, ಮಧ್ಯಾಹ್ನ ಬಿಸಿಲು ಕಂಡ ದಿನ ಬುಲೆಟಿನ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ. ಹದಿನೆಂಟು ಗಂಟೆ ಸೋನೆ ಹಿಡಿದು 10 ಮಿ.ಮೀ. ಆದ ದಿನ ಸಾಧಾರಣ ಎನಿಸಿಕೊಳ್ಳುತ್ತದೆ. ಕೊಳೆರೋಗಕ್ಕೆ ಹಬ್ಬ ಎರಡನೆಯ ದಿನ. ಗುಡ್ಡ ಕುಸಿಯುವುದಕ್ಕೂ ಇದೇ ಮಾತು ಇನ್ನೊಂದು ರೀತಿಯಲ್ಲಿ ಅನ್ವಯಿಸುತ್ತದೆ: ವಾರಗಟ್ಟಲೆ ಬಿಡುವಿಲ್ಲದೆ ನೆನೆದ ಇಳಿಜಾರಿನ ಮೇಲೆ ಬಿದ್ದ 100 ಮಿ.ಮೀ. ಬೇರೆ, ಒಣಗಿದ ನೆಲದ ಮೇಲೆ ಬಿದ್ದದ್ದು ಬೇರೆ.

ಸೋಜಿಗವೆಂದರೆ ಬೇಕಾದ ಅಂಕಿ ಇಲ್ಲದೆ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದ್ದು, ಅವು ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸುವಂತೆ ರೂಪಿಸಲಾಗಿದೆ. ಅಂದರೆ ಪ್ರತಿಯೊಂದು ಗ್ರಾಮದಲ್ಲಿ ಯಾವ ದಿನ ಎಷ್ಟು ಹೊತ್ತು ಮಳೆ ಬಿಟ್ಟಿತ್ತು ಎಂಬುದು ಅದರಲ್ಲಿ ಅಡಗಿದೆ. ಗ್ರಾಮಸ್ಥರ ಕೈಗೆ ಬರುವುದು ಮಾತ್ರ ಸಾಮಾನ್ಯವಾಗಿ ದಿನದ ಮೊತ್ತ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರವೂ ಗ್ರಾಮದ ಈ ಅಂಕಿಯನ್ನೇ ಅವಲಂಬಿಸಿದೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ ನಿಗದಿಯಾದಾಗ ಬೆಳೆಗಾರ ತನ್ನ ಪಾಲಾಗಿ ಕಟ್ಟಿದ್ದು ಅದರ ಶೇ. 5, ಅಂದರೆ 6,400 ರೂಪಾಯಿ. ಹಣ ಕಟ್ಟಿದವನು ತನ್ನ ತೋಟದಲ್ಲಿ ಆದ ನಷ್ಟವನ್ನು ತೋರಿಸಿದರೆ ಸಾಲದು. ಮಾಪಕ ಅದನ್ನು ಹೇಳಬೇಕು. ಮಾಪಕಗಳು ಕೆಟ್ಟು ನಿಂತಿವೆ ಎಂಬ ದೂರು ಜಿಲ್ಲೆಯ ಕೃಷಿಕರಿಂದ ಮತ್ತೆ ಮತ್ತೆ ಕೇಳಿಬಂದಿದೆ. ಕೆಡದೆ ಇದ್ದರೂ ಘಟ್ಟದ ತಪ್ಪಲಿನ ಗ್ರಾಮವೊಂದರಲ್ಲಿ ಹೊಳೆಬದಿಯ ಪಂಚಾಯಿತಿ ಕಚೇರಿಯ ಮಳೆ, ಐದು ಕಿಲೋಮೀಟರ್ ಮೇಲಿನ ತೋಟದ ಮಳೆ ಒಂದೇ ಆಗಿರುವುದಿಲ್ಲ.

ಮೂಡುಬಿದಿರೆಯ ಕಡೆ ಭತ್ತದ ಬೈಲುಗಳು ಇನ್ನೂ ಉಳಿದಿವೆ. ಅಲ್ಲಿ ಬಿಡುವಿನ ಲೆಕ್ಕ ತಿರುವುಮುರುವು. ಏಣೆಲು ಬೇಸಾಯಕ್ಕೆ ನೇಜಿ ನೆಟ್ಟ ಮೇಲೆ ಗದ್ದೆಯಲ್ಲಿ ನೀರು ನಿಲ್ಲಬೇಕು, ಕೊಯ್ಲಿಗೆ ಬಿಸಿಲು ಬೇಕು. 2023ರ ಆಗಸ್ಟ್ ತಿಂಗಳು ದೇಶದ ಮಟ್ಟದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎನಿಸಿತು. 2021ರ ನವೆಂಬರಿನಲ್ಲಿ ರಾಜ್ಯದ ಉದ್ದಗಲಕ್ಕೂ ಅಕಾಲದ ಮಳೆ ಸುರಿಯಿತು. ಹಾಗೆ ನೆನೆದ ಬೈಹುಲ್ಲು ಹಸುವಿಗೂ ಆಗುವುದಿಲ್ಲ. ಚಾಲಿ ಅಡಿಕೆಗೆ ಅಂಗಳದಲ್ಲಿ ಬೇಕಾದ ಮೂವತ್ತೈದು ನಲವತ್ತು ದಿನಗಳ ಬಿಸಿಲು ತುಂಡುತುಂಡಾದರೆ ಒಳಗೆ ಬೂಸ್ಟು ಹಿಡಿಯುತ್ತದೆ.

ಹಿಂದಿನವರಿಗೆ ಎಲ್ಲವೂ ತಿಳಿದಿತ್ತು, ಪಂಚಾಂಗ ಎಂದೂ ತಪ್ಪುತ್ತಿರಲಿಲ್ಲ ಎಂದು ಹೇಳುವುದು ಸುಲಭ, ಅದು ನಿಜವಲ್ಲ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದೆ. ಹೊಳೆಯ ಮಟ್ಟ 8.5 ಮೀಟರ್ ಎಂಬ ಅಪಾಯದ ಗುರುತನ್ನು ದಾಟಿದಾಗಲೆಲ್ಲ ಪಾಣೆಮಂಗಳೂರಿನ ಆಲಡ್ಕದ ಜನ ಇಂದಿಗೂ ಮನೆ ಬಿಟ್ಟು ಮೇಲೇರುತ್ತಾರೆ. ಹಿಂದಿನವರ ಹೆಚ್ಚುಗಾರಿಕೆ ಮುನ್ಸೂಚನೆಯಲ್ಲಿರಲಿಲ್ಲ, ತಪ್ಪಿದರೆ ತಾಳಿಕೊಳ್ಳುವ ಏರ್ಪಾಡಿನಲ್ಲಿತ್ತು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಛಾವಣಿಯನ್ನು ನೋಡಿದರೆ ಕಟ್ಟಿದವರು ಮೊದಲು ಮಳೆಯನ್ನು ನೆನೆದಿದ್ದರೆಂದು ತಿಳಿಯುತ್ತದೆ. ಅದೇ ಊರು ಹದಿನೆಂಟು ಬಸದಿಗಳ ಜೊತೆಗೆ ಹದಿನೆಂಟು ಕೆರೆಗಳ ಊರೆಂದೂ ಹೆಸರಾಗಿದೆ. ಅಷ್ಟು ಮಳೆಯ ನಾಡಿನಲ್ಲಿ ಅಷ್ಟು ಕೆರೆಗಳೇಕೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿಕೊಳ್ಳಬೇಕು. ಗುಡ್ಡದ ನೆತ್ತಿಯ ಮದಕ, ತೋಟದ ಮೇಲಿನ ಸುರಂಗ, ಹೊಳೆಯ ಕಟ್ಟ ಎಲ್ಲವೂ ಅದೇ ಪ್ರಶ್ನೆಗೆ ಉತ್ತರಗಳು. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ನೀರು ತಂದು ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಪ್ರಶಸ್ತಿಗೆ ಚಪ್ಪಾಳೆ ತಟ್ಟಿದ ಊರುಗಳಲ್ಲಿಯೇ ಕೊಳವೆಬಾವಿಯ ಲಾರಿಗಳು ಬೇಸಿಗೆಯುದ್ದಕ್ಕೂ ಓಡಾಡುತ್ತವೆ.

ಕಟ್ಟದ ವಿಷಯದಲ್ಲಿಯೂ ಬಿಡುವಿನ ತೊಡಕೇ. ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ಡಿಸೆಂಬರಿನ ಹೊತ್ತಿಗೆ ಊರವರೇ ಸೇರಿ ಹಾಕುತ್ತಿದ್ದ ಕಟ್ಟದ ಬದಲು ಈಗ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳು ಬಂದಿವೆ. ಹಲಗೆ ಹಾಕುವುದು ಯಾವಾಗ? ಬೇಗ ಹಾಕಿದರೆ ಅಕಾಲದ ಒಂದು ಮಳೆಗೆ ನೀರು ಬದಿಯ ತೋಟವನ್ನು ಕೊರೆಯುತ್ತದೆ. ತಡವಾದರೆ ಹೊಳೆಯೇ ಸೊರಗಿರುತ್ತದೆ. ಕಟ್ಟದ ದಿನವನ್ನು ಹೊಳೆಯ ದನಿ ಕೇಳಿ ನಿರ್ಧರಿಸುತ್ತಿದ್ದವರು ಇದ್ದರು. ಗುತ್ತಿಗೆ ಪತ್ರದಲ್ಲಿ ಬರೆದ ದಿನಾಂಕಕ್ಕೆ ಅಂಥ ಕಿವಿ ಇಲ್ಲ.

ಮೊತ್ತವನ್ನಷ್ಟೇ ನೋಡುವ ಕಣ್ಣಿನ ದೊಡ್ಡ ಉದಾಹರಣೆ ಎತ್ತಿನಹೊಳೆ ಯೋಜನೆ. ಮಳೆಗಾಲದ ನೀರು ಸಮುದ್ರಕ್ಕೆ ವ್ಯರ್ಥವಾಗಿ ಹೋಗುತ್ತದೆ, ಅದರಲ್ಲಿ 24 ಟಿಎಂಸಿ ತೆಗೆದರೆ ಏನಾಯಿತು ಎಂಬುದು ಅದರ ವಾದ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ಆ ಚರ್ಚೆ ಬಹಳ ನಡೆದಿದೆ. ಜೂನ್ ಪೂರ್ತಿ ಮಳೆ ಕೈಕೊಟ್ಟ ವರ್ಷ ಯಾವ ನೀರನ್ನು ವ್ಯರ್ಥವೆಂದು ಕರೆಯಬೇಕು ಎಂಬುದಕ್ಕೆ ಮಾತ್ರ ಸರಾಸರಿಯಲ್ಲಿ ಉತ್ತರ ಸಿಗುವುದಿಲ್ಲ.

ಅರಬ್ಬೀ ಸಮುದ್ರ ಕಾಯುತ್ತಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಇದನ್ನು ಬೆಳ್ತಂಗಡಿಯ ಗ್ರಾಮಸಭೆ ತಡೆಯಲಾರದು. ಗ್ರಾಮಸಭೆಯಿಂದ ಆಗುವ ಕೆಲಸ ಬೇರೆ ಇದೆ. ಅದಕ್ಕೆ ನೆರೆಯ ವಯನಾಡಿನಲ್ಲಿ ಮಾದರಿ ಉಂಟು. ಕಲ್ಪೆಟ್ಟಾದ ಹ್ಯೂಮ್ ಪರಿಸರ ಕೇಂದ್ರವು ಕೃಷಿಕರ ನೆರವಿನಿಂದ ಜಿಲ್ಲೆಯಾದ್ಯಂತ ಇನ್ನೂರಕ್ಕೂ ಹೆಚ್ಚು ಕಡೆ ಮಳೆ ಅಳೆಯುತ್ತ ಬಂದಿದೆ. 2024ರ ಜುಲೈ 30ರ ಬೆಳಗಿನ ಜಾವ ಮುಂಡಕೈ, ಚೂರಲ್‌ಮಲೆಗಳು ಕೊಚ್ಚಿಹೋಗುವ ಮುನ್ನ, ಹಿಂದಿನ ದಿನವೇ ಆ ಅಂಕಿಗಳ ಆಧಾರದಿಂದ ಅದು ಎಚ್ಚರಿಕೆ ನೀಡಿತ್ತು. ಪುತ್ತುಮಲೆಯಲ್ಲಿ 24 ಗಂಟೆಗಳಲ್ಲಿ 372 ಮಿ.ಮೀ. ದಾಖಲಾಗಿತ್ತು. ಎಚ್ಚರಿಕೆಯನ್ನು ಕೇಳಿ ನಡೆಯುವ ವ್ಯವಸ್ಥೆ ಇರಲಿಲ್ಲ ಎಂಬುದು ಅಳತೆಯ ತಪ್ಪಲ್ಲ.

ಚಾರ್ಮಾಡಿಯಿಂದ ವಿಟ್ಲದವರೆಗೆ ಪ್ರೌಢಶಾಲೆಯಿಲ್ಲದ ಹೋಬಳಿ ಇಲ್ಲ. ಒಂದು ಸಾದಾ ಮಳೆಮಾಪಕ, ಒಂದು ಗಡಿಯಾರ, ಒಂದು ನೋಟುಪುಸ್ತಕ ಸಾಕು. ಪುಸ್ತಕದಲ್ಲಿ ಮಿಲಿಮೀಟರಿನ ಅಂಕಣದ ಪಕ್ಕದಲ್ಲಿ ಇನ್ನೆರಡು ಅಂಕಣ ಇರಬೇಕು: ಮಳೆ ಬಿಟ್ಟದ್ದು ಎಷ್ಟು ಗಂಟೆಗೆ, ಮತ್ತೆ ಹಿಡಿದದ್ದು ಎಷ್ಟು ಗಂಟೆಗೆ. ರಾತ್ರಿಯ ಲೆಕ್ಕವನ್ನು ಮನೆಯ ಹಿರಿಯರು ಹೇಳಿಯಾರು. ಮಳೆಗಾಲದಲ್ಲಿ ಅವರ ನಿದ್ದೆ ಹೇಗೂ ತೆಳು. ಗ್ರಾಮ ಪಂಚಾಯಿತಿ ತನ್ನ ಮಾಪಕದ ಹದಿನೈದು ನಿಮಿಷದ ದಾಖಲೆಯನ್ನು ಪ್ರತಿ ತಿಂಗಳು ಸೂಚನಾಫಲಕಕ್ಕೆ ಹಾಕಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿದರೆ ಎರಡನ್ನೂ ತಾಳೆ ನೋಡಬಹುದು. ಮಾಪಕ ಕೆಟ್ಟ ದಿನ ಅಂದೇ ತಿಳಿಯುತ್ತದೆ, ವಿಮೆಯ ಅರ್ಜಿ ತಿರಸ್ಕೃತವಾದ ಮೇಲೆ ಅಲ್ಲ. ಮುಂದಿನ ಪತ್ತನಾಜೆಯಿಂದಲೇ ಆರಂಭಿಸಿದರೆ ಆಟಿಯ ಎರಡನೆಯ ಮದ್ದಿನ ಹೊತ್ತಿಗೆ ಪುಸ್ತಕದಲ್ಲಿ ಐವತ್ತು ದಿನಗಳ ಬರಹ ಇರುತ್ತದೆ.