ಎತ್ತಿನ ತಪ್ಪಲ್ಲ, ನಿಯಮದ ತಪ್ಪು



ನಮ್ಮ ಅನಗವಾಡಿಯ ಸುತ್ತಲಿನ ಬೀಳಗಿ, ಮುಧೋಳ, ಜಮಖಂಡಿ ಸೀಮೆಯ ಜಾತ್ರೆಗಳಲ್ಲಿ ನಡೆಯುವ ತೆರೆಬಂಡಿ ಶರ್ಯತ್ತಿನ ಮಾತೆದ್ದಾಗಲೆಲ್ಲ ಎರಡೇ ಧ್ವನಿಗಳು ಕೇಳಿಬರುತ್ತವೆ. 'ಇದು ಹಿಂಸೆ, ನಿಲ್ಲಿಸಿರಿ' ಎಂಬುದೊಂದು. 'ಇದು ಪರಂಪರೆ, ಮುಟ್ಟಬೇಡಿರಿ' ಎಂಬುದು ಇನ್ನೊಂದು. ನ್ಯಾಯಾಲಯದ ವಾದವಂತೂ ಮುಗಿದಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಇಂಥ ಸ್ಪರ್ಧೆಗಳಿಗೆ ತಡೆಯೊಡ್ಡಿತು. 2017ರಲ್ಲಿ ನಮ್ಮ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಬಂಡಿಯ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಶರ್ಯತ್ತು ನಡೆಯಬಹುದು, ಸರಿ. ಯಾವ ನಿಯಮದಡಿ ನಡೆಯಬೇಕು ಎಂಬುದನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ದೂರದೂರುಗಳಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇನೆ: ತೆರೆಬಂಡಿಯಲ್ಲಿ ಗಾಲಿಗಳನ್ನು ತಿರುಗದಂತೆ ಕಟ್ಟಿರುತ್ತಾರೆ. ಬಂಡಿ ಉರುಳುವುದಿಲ್ಲ, ನೆಲವನ್ನು ಕೊರೆಯುತ್ತ ಜಾರುತ್ತದೆ. ಗೊತ್ತುಪಡಿಸಿದ ಸಮಯದಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಗೆಲುವು. ಎತ್ತಿನ ಕೊರಳು, ಕಾಲು, ಉಸಿರು ಮೂರರ ಪರೀಕ್ಷೆಯಿದು.

ಈಗ ಒಂದು ಲೆಕ್ಕ ಹಾಕಿರಿ. ಎಲ್ಲ ಜೋಡಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಮೊದಲನೆಯವನಿಗೆ ಮೋಟಾರ್ ಸೈಕಲ್ಲೋ ಬಂಗಾರವೋ, ಉಳಿದವರಿಗೆ ಟೆಂಗಿನಕಾಯಿ ಎಂದು ಸಾರಿದರೆ ಏನಾಗುತ್ತದೆ? ವಾರವೆಲ್ಲ ರಂಟೆ ಹೊಡೆದ ಎತ್ತು, ಶರ್ಯತ್ತಿಗೆಂದೇ ಮೇಯಿಸಿದ ಎತ್ತಿನೆದುರು ಸೋಲುತ್ತದೆ. ಸಣ್ಣ ರೈತ ಪ್ರವೇಶ ಶುಲ್ಕವನ್ನು ಉಳಿಸಿಕೊಂಡು ಮನೆಯಲ್ಲೇ ಉಳಿಯುತ್ತಾನೆ. ಕಣದಲ್ಲಿ ಉಳಿದವರಿಗೆ ಎರಡನೆಯ ಸ್ಥಾನವೂ ಕೊನೆಯ ಸ್ಥಾನವೂ ಒಂದೇ. ಆದ್ದರಿಂದ ಬಾರುಕೋಲು ಏಳುತ್ತದೆ. ಹೊಡೆಯುವ ಕೈ ಹುಡುಗನದು ನಿಜ. ಆ ಕೈಯನ್ನು ಎತ್ತಿಸಿದ್ದು ಕಮಿಟಿಯ ಬಹುಮಾನ.

'ವರ್ಗ ಮಾಡಿದರೆ ಗಂಡುಗಲಿತನ ಎಲ್ಲಿ ಉಳಿಯಿತು?' ಎನ್ನುವವರಿದ್ದಾರೆ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಚ್ಚುವುದರಿಂದ ಪೈಲವಾನರ ಮಾನ ಹೋಯಿತೇನು? ಕರಾವಳಿಯ ಕಂಬಳವನ್ನು ನೋಡಿರಿ. ಅಲ್ಲಿ ಹಗ್ಗ, ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವಿದೆ. ಅಡ್ಡಹಲಗೆ ಬೇರೆ, ಕನೆಹಲಗೆ ಬೇರೆ. ಕನೆಹಲಗೆಯಲ್ಲಂತೂ ವೇಗದಿಂದ ಗೆಲುವಿಲ್ಲ; ಮೇಲೆ ಕಟ್ಟಿದ ಬಟ್ಟೆಗೆ, ಅಂದರೆ ಆರೂವರೆ ಅಥವಾ ಏಳೂವರೆ ಕೋಲಿನ ನಿಶಾನೆಗೆ, ನೀರು ಚಿಮ್ಮಬೇಕು. ಅಳತೆ ಬದಲಾದೊಡನೆ ವಿದ್ಯೆಯೇ ಬದಲಾಯಿತು!

ಅಮೆರಿಕದಲ್ಲಿ ಹವ್ಯಾಸಿಗಳು ನೇರ ರಸ್ತೆಯ ಕಾಲು ಮೈಲಿಯಲ್ಲಿ, ಅಂದರೆ ಸುಮಾರು 402 ಮೀಟರಿನಲ್ಲಿ, ಇಬ್ಬಿಬ್ಬರಾಗಿ ಕಾರು ಓಡಿಸುವ 'ಡ್ರ್ಯಾಗ್ ರೇಸ್' ಇದೆ. ಅದರ ಒಂದು ಪ್ರಕಾರದಲ್ಲಿ ಚಾಲಕನು ತನ್ನ ಕಾರು ತೆಗೆದುಕೊಳ್ಳುವ ಸಮಯವನ್ನು ಮೊದಲೇ ಸಾರಬೇಕು. ನಿಧಾನದ ಕಾರಿಗೆ ಅಷ್ಟು ಮುಂಚೆ ಹಸಿರು ದೀಪ. ಸುಳ್ಳು ಸಮಯ ಸಾರಿ ಅದಕ್ಕಿಂತ ಬೇಗ ಮುಟ್ಟಿದವನು, ಎದುರಾಳಿಯೂ ಅದೇ ತಪ್ಪು ಮಾಡದಿದ್ದರೆ, ಸೋತಂತೆಯೇ. ಅಲ್ಲಿ ಹಳೆಯ ಕಾರಿನವನೂ ಹೊಸ ಕಾರಿನವನನ್ನು ಸೋಲಿಸಬಲ್ಲ. ಹಣಕ್ಕಿಂತ ತನ್ನ ಬಂಡಿಯನ್ನು ಬಲ್ಲ ಜಾಣತನಕ್ಕೆ ಬೆಲೆ.

ನಮ್ಮಲ್ಲಿ ಇದು ಅಸಾಧ್ಯವೇ? ಎತ್ತಿನ ಹಲ್ಲು ಸುಳ್ಳು ಹೇಳುವುದಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ ಎತ್ತು ಎಂದು ವರ್ಗ ಮಾಡಿರಿ. ಪಶುವೈದ್ಯರು ಬಾಯಿ ನೋಡಿಯೇ ಕಣಕ್ಕೆ ಬಿಡಲಿ. ಒಂದೇ ದೊಡ್ಡ ಬಹುಮಾನವನ್ನು ಒಡೆದು ಹತ್ತು ಜನಕ್ಕೆ ಹಂಚಿರಿ. ಬಾರುಕೋಲು ತಾಗಿದರೆ ಎಳೆದ ದೂರವನ್ನು ಕಳೆಯಿರಿ. ಇಷ್ಟು ಎಳೆಯುತ್ತೇನೆಂದು ಮೊದಲೇ ಹೇಳಿ ಅಷ್ಟನ್ನೇ ಎಳೆಸಿದವನಿಗೂ ಒಂದು ಮಾನ ಇರಲಿ.

ಇನ್ನೊಂದು ಮಾತು. ಎರೆಭೂಮಿಯ ಭಾರದ ದುಡಿಮೆಗೆಂದೇ ಬೆಳೆದುಬಂದ ನಮ್ಮ ಕೃಷ್ಣಾ ಕಣಿವೆಯ ತಳಿ ಟ್ರ್ಯಾಕ್ಟರಿನ ಕಾಲದಲ್ಲಿ ಅಳಿವಿನಂಚಿಗೆ ಬಂದಿದೆ. ಚುರುಕು ನಡೆಯ ಖಿಲಾರಿಯೊಡನೆ ಅದನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಅದನ್ನು ಯಾರು ಸಾಕುತ್ತಾರೆ? ಅದಕ್ಕೊಂದು ಪ್ರತ್ಯೇಕ ವರ್ಗವಿದ್ದರೆ ಸಾಕಲು ಒಂದು ಕಾರಣವಾದರೂ ದೊರೆಯುತ್ತದೆ.

ನಿಮ್ಮಲ್ಲಿ ಹಲವರು ಈಗ ಜಾತ್ರಾ ಕಮಿಟಿಗಳಲ್ಲಿದ್ದೀರಿ, ಬಹುಮಾನಕ್ಕೆ ದೇಣಿಗೆಯನ್ನೂ ಕೊಡುತ್ತೀರಿ. ಮುಂದಿನ ಸಲ ಹಣ ಕೊಡುವ ಮುನ್ನ ನಿಯಮಗಳ ಹಾಳೆಯನ್ನು ಕೇಳಿ ಓದಿರಿ. ನಿಯಮವೇ ಇಲ್ಲದ ಕಣಕ್ಕೆ ದೇಣಿಗೆ ಕೊಡಬೇಡಿರಿ.