ವಕೀಲರಿಲ್ಲದ ಕಾನೂನು ಯಾರ ರಕ್ಷಣೆಗೆ?

"ಹೊರಗಿನಿಂದ ಬಂದವರ ಮೊಕದ್ದಮೆಗೆ ನಮ್ಮ ತೆರಿಗೆ ಹಣ ಏಕೆ?" ವಲಸಿಗರಿಗೂ ನಿರಾಶ್ರಿತರಿಗೂ ಸರ್ಕಾರದ ವೆಚ್ಚದಲ್ಲಿ ಕಾನೂನು ನೆರವು ಕೊಡುವ ಮಾತು ಬಂದಾಗಲೆಲ್ಲ ಅಮೆರಿಕದಲ್ಲಿ ಏಳುವ ಪ್ರಶ್ನೆ ಇದು. ಅಲ್ಲಿನ ಜಗಳ ನಮಗೇಕೆ ಎಂದು ನೀವು ಕೇಳಬಹುದು. ಅಮೆರಿಕದ ಗಂಡು ಎಂದು ಸಾಲ ಮಾಡಿ, ಸೈಟು ಮಾರಿ, ಮಗಳನ್ನು ವಿಮಾನ ಹತ್ತಿಸಿದ ತಂದೆತಾಯಿಯರು ಮೈಸೂರು, ಬೆಂಗಳೂರುಗಳ ಬೀದಿಬೀದಿಯಲ್ಲಿದ್ದಾರೆ. ಮೂವತ್ತು ವರ್ಷ ನಾನು ರಾಜ್ಯಶಾಸ್ತ್ರ ಕಲಿಸಿದ ವಿದ್ಯಾರ್ಥಿನಿಯರಲ್ಲೂ ಅನೇಕರು ಹಾಗೆ ಹೋದವರೇ. ಈ ಪ್ರಶ್ನೆ ಅವರ ಜೀವಕ್ಕೆ ಸಂಬಂಧಿಸಿದ್ದು.

ಗಂಡ ಎಚ್-1ಬಿ ವೀಸಾದ ಮೇಲೆ ಕೆಲಸಕ್ಕಿದ್ದರೆ ಹೆಂಡತಿಗೆ ಸಿಗುವುದು ಎಚ್-4 ಎಂಬ ಅವಲಂಬಿತ ವೀಸಾ. ವಿಚ್ಛೇದನವಾದರೆ ಅವಳ ಆ ಸ್ಥಾನಮಾನವೂ ಮುಗಿಯಿತು. 2015ರವರೆಗೆ ಈ ಹೆಂಗಸರಿಗೆ ದುಡಿಯುವ ಅನುಮತಿಯೇ ಇರಲಿಲ್ಲ. ಆಮೇಲೂ ಅದು ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ಮುಟ್ಟಿದ ಕೆಲವರಿಗೆ ಮಾತ್ರ. ಪಾಸ್‌ಪೋರ್ಟು ಅವನ ಬೀರುವಿನಲ್ಲಿ, ಬ್ಯಾಂಕಿನ ಖಾತೆ ಅವನ ಹೆಸರಿನಲ್ಲಿ. "ಪೊಲೀಸರನ್ನು ಕರೆದರೆ ನಿನ್ನನ್ನೇ ಊರಿಗೆ ಅಟ್ಟುತ್ತಾರೆ" ಎಂಬ ಒಂದು ಮಾತು ಸಾಕು, ಹೊಡೆಯುವ ಕೈಗೆ ಬೇರೆ ಬಲ ಬೇಡ. ಇಲ್ಲಿ ಸೀಮೆಎಣ್ಣೆ ಡಬ್ಬಿ ತೋರಿಸಿ ಹೆದರಿಸುತ್ತಿದ್ದರು. ಅಲ್ಲಿ ವೀಸಾ ತೋರಿಸಿ ಹೆದರಿಸುತ್ತಾರೆ.

ಕಾನೂನು ಇಲ್ಲವೆಂದಲ್ಲ. ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ 1994ರಲ್ಲಿ ಬಂದ ಕಾಯಿದೆಯ ಪ್ರಕಾರ, ಅಮೆರಿಕದ ಪೌರನ ಅಥವಾ ಗ್ರೀನ್ ಕಾರ್ಡ್ ಉಳ್ಳವನ ಹೆಂಡತಿ ಹಿಂಸೆಗೊಳಗಾದರೆ ಗಂಡನ ಹಂಗಿಲ್ಲದೆ ತಾನೇ ಅರ್ಜಿ ಹಾಕಬಹುದು. ಎಚ್-1ಬಿಯವನ ಹೆಂಡತಿಗೆ ಆ ಬಾಗಿಲು ಮುಚ್ಚಿದೆ. ಅವಳಿಗಿರುವುದು ಮುಖ್ಯವಾಗಿ 2000ದಲ್ಲಿ ಬಂದ ಯು ವೀಸಾ. ಅದಕ್ಕೆ ಅವಳು ತನಿಖೆಗೆ ನೆರವಾದಳೆಂದು ಪೊಲೀಸರೋ ಸರ್ಕಾರಿ ವಕೀಲರೋ ಬರೆದುಕೊಡಬೇಕು. ಸಂತ್ರಸ್ತರಿಗೆ ವರ್ಷಕ್ಕೆ 10,000 ವೀಸಾ ಮಾತ್ರ. ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಯಾವ ಅರ್ಜಿ, ಯಾವ ಪುರಾವೆ ಎಂಬುದು ಇಂಗ್ಲಿಷ್ ಬಲ್ಲ ಪದವೀಧರೆಗೂ ಸುಲಭಕ್ಕೆ ತಿಳಿಯದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ವಕೀಲರಿಲ್ಲದವಳಿಗೆ ಈ ಕಾನೂನು ಬರೀ ಕಾಗದ.

ಈಗ ಒಂದು ಅನ್ಯಾಯವನ್ನು ಗಮನಿಸಿ. 1963ರ ಗಿಡಿಯನ್ ತೀರ್ಪಿನ ನಂತರ, ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಅಲ್ಲಿ ಸರ್ಕಾರವೇ ವಕೀಲರನ್ನು ಕೊಡಬೇಕು. ಹೆಂಡತಿಯ ಮೂಳೆ ಮುರಿದವನಿಗೂ ಆ ಹಕ್ಕಿದೆ, ಇರಲಿ, ಇರಬೇಕಾದದ್ದೇ. ಆದರೆ ಅದೇ ಹೆಂಡತಿ ಗಡೀಪಾರಿನ ವಿಚಾರಣೆಗೆ ನಿಂತರೆ ಅದು ಸಿವಿಲ್ ವ್ಯವಹಾರವಂತೆ! ವಕೀಲರನ್ನು ಇಟ್ಟುಕೊಳ್ಳಬಹುದು, ಸರ್ಕಾರಕ್ಕೆ ಖರ್ಚಿಲ್ಲದಂತೆ, ಎನ್ನುತ್ತದೆ ವಲಸೆ ಕಾಯಿದೆ. ಎದುರುಗಡೆ ಸರ್ಕಾರದ ಸಂಬಳ ಪಡೆಯುವ ವಕೀಲರಿರುತ್ತಾರೆ. ಇವಳು ಒಬ್ಬಳೇ.

ಬಡವರ ಸಿವಿಲ್ ವ್ಯಾಜ್ಯಗಳಿಗೆಂದು 1974ರಲ್ಲಿ ಅಲ್ಲಿ ಲೀಗಲ್ ಸರ್ವಿಸಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಅದರ ಹಣ ಪಡೆಯುವ ಸಂಸ್ಥೆಗಳು ಕಾಗದಪತ್ರವಿಲ್ಲದ ವಲಸಿಗರ ಪರ ವಾದಿಸಕೂಡದೆಂದು 1996ರಲ್ಲಿ ನಿರ್ಬಂಧ ಬಂತು. ಹಿಂಸೆಗೊಳಗಾದವರಿಗೆ ಆಮೇಲೆ ವಿನಾಯಿತಿ ದೊರೆಯಿತು. ಆದರೆ ಹಣವೆಲ್ಲಿ? ಬಡ ಅಮೆರಿಕನ್ನರ ಸಿವಿಲ್ ಸಮಸ್ಯೆಗಳಲ್ಲಿ ನೂರಕ್ಕೆ 92ಕ್ಕೆ ನೆರವು ಸಿಗುವುದೇ ಇಲ್ಲ, ಇಲ್ಲವೇ ಸಾಲದು ಎಂದು ಅದೇ ಸಂಸ್ಥೆಯ 2022ರ ವರದಿ ಹೇಳುತ್ತದೆ. ಪೌರರಿಗೇ ಈ ಗತಿಯಾದರೆ ಪರದೇಶದ ಹೆಣ್ಣಿಗೆ?

ಹಣ ಕೊಟ್ಟರೆ ಏನಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. ನ್ಯೂಯಾರ್ಕ್ ನಗರ 2013ರಲ್ಲಿ ಬಂಧನದಲ್ಲಿದ್ದ ಬಡ ವಲಸಿಗರಿಗೆ ತನ್ನ ಬೊಕ್ಕಸದಿಂದ ವಕೀಲರನ್ನು ಒದಗಿಸತೊಡಗಿತು. ವಕೀಲರಿಲ್ಲದಾಗ ನೂರಕ್ಕೆ 4 ಮಂದಿ ಗೆಲ್ಲುತ್ತಿದ್ದ ಕಡೆ, ಈಗ 48 ಮಂದಿ ಗೆಲ್ಲುವರೆಂದು ವೇರಾ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. ಕಾನೂನು ಅದೇ. ಬದಲಾದದ್ದು ಪಕ್ಕದಲ್ಲಿ ವಕೀಲರು ನಿಂತದ್ದು. ಹಾಗಾದರೆ ಹಿಂದೆ ಸೋತವರಲ್ಲಿ ಎಷ್ಟು ಜನ ಹಕ್ಕಿದ್ದೂ ಗಡೀಪಾರಾಗಿರಬೇಕು?

ತೆರಿಗೆಯ ಪ್ರಶ್ನೆಗೆ ನನ್ನ ಉತ್ತರ ಇದು. ನ್ಯಾಯಾಧೀಶರಿಗೆ, ಸರ್ಕಾರಿ ವಕೀಲರಿಗೆ, ಬಂಧನದ ಕೋಣೆಗೆ, ಗಡೀಪಾರಿನ ವಿಮಾನಕ್ಕೆ ತೆರಿಗೆ ಹಣವೇ ಹೋಗುತ್ತಿದೆ. ಅವಳ ಪರ ಮಾತಾಡುವವರಿಗೆ ಕೊಟ್ಟರೆ ಮಾತ್ರ ಅದು ದುಂದುವೆಚ್ಚವೇ? "ಸಂಘಸಂಸ್ಥೆಗಳು ನೋಡಿಕೊಳ್ಳಲಿ" ಎನ್ನುವವರಿದ್ದಾರೆ. ನ್ಯೂಜೆರ್ಸಿಯಲ್ಲಿ 1985ರಲ್ಲೇ ದಕ್ಷಿಣ ಏಷ್ಯಾದ ಹೆಂಗಸರು 'ಮಾನವಿ' ಕಟ್ಟಿದರು. ಅಂಥವರ ಸೇವೆ ದೊಡ್ಡದು. ಆದರೆ ಹಕ್ಕನ್ನು ದಾನಿಗಳ ಮರ್ಜಿಗೆ ಬಿಟ್ಟರೆ ಅದು ಹಕ್ಕಾಗಿ ಉಳಿಯುವುದಿಲ್ಲ, ಭಿಕ್ಷೆಯಾಗುತ್ತದೆ.

ಗೆಳತಿಯರೇ, ಈ ಮಾತು ನಮಗೂ ತಿರುಗುತ್ತದೆ. ನಮ್ಮ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮು ಹೆಣ್ಣಿಗೆ ಉಚಿತ ನೆರವು ಕೊಡುವಾಗ ಅವಳ ವರಮಾನ ಕೇಳುವುದಿಲ್ಲ, ಪೌರತ್ವವನ್ನೂ ಕೇಳುವುದಿಲ್ಲ. ಈ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಉದಾರ. ಆದರೂ ಬೆಂಗಳೂರಿನ ಶೆಡ್ಡುಗಳಲ್ಲಿ ಚಿಂದಿ ಆಯ್ದು ಬದುಕುವ ರೋಹಿಂಗ್ಯಾ ಹೆಣ್ಣಿನ ಮಾತು ಬಂದರೆ "ಹೊರಗಿನವರಿಗೇಕೆ ನಮ್ಮ ದುಡ್ಡು" ಎನ್ನುತ್ತೇವೆ. ನಮ್ಮ ಮಗಳಿಗೆ ಅಮೆರಿಕದ ಖಜಾನೆಯಿಂದ ವಕೀಲರು ಬೇಕು, ಇನ್ನೊಬ್ಬರ ಮಗಳಿಗೆ ನಮ್ಮ ಖಜಾನೆಯಿಂದ ಬೇಡ ಎನ್ನುವುದು ಯಾವ ನ್ಯಾಯ?

ಹಿಂಸೆಯಿಂದ ಪಾರಾಗಲು ಹೊರಟ ಯಾವ ಹೆಣ್ಣಿಗೂ, ಅವಳು ಯಾವ ದೇಶದವಳೇ ಆಗಿರಲಿ, ನಿಂತ ನೆಲದ ಸರ್ಕಾರವೇ ವಕೀಲರನ್ನು ಕೊಡಬೇಕು. ಇದನ್ನು ಅಮೆರಿಕದಲ್ಲೂ ಕೇಳೋಣ, ನಮ್ಮ ಜಿಲ್ಲಾ ನ್ಯಾಯಾಲಯದ ಕಾನೂನು ನೆರವಿನ ಕಚೇರಿಯಲ್ಲೂ ಕೇಳೋಣ. ಒಂದು ಕಡೆ ಕೇಳಿ ಇನ್ನೊಂದು ಕಡೆ ಸುಮ್ಮನಿದ್ದರೆ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.